ಪರಗಿಯೋ, ಬಿಳಿಮುಳ್ಳೋ? ಎಲೆ ತಿರುಗಿಸಿ ನೋಡಿ

ಮಲೆನಾಡಿನ ಬೇಲಿಸಾಲು, ಬೆಟ್ಟದ ಅಂಚು, ಕುರುಚಲು ಕಾಡು, ಎಲ್ಲಿ ಓಡಾಡಿದರೂ ಬಟ್ಟೆ ಹಿಡಿದೆಳೆಯುವ ಎರಡು ಮುಳ್ಳುಗಿಡಗಳಿವೆ. ಒಂದು ಪರಗಿ (ಜಿಜಿಫಸ್ ಈನೋಪ್ಲಿಯಾ), ಇನ್ನೊಂದು ಬಿಳಿಮುಳ್ಳು (ಜಿಜಿಫಸ್ ರುಗೋಸಾ). ಎರಡೂ ಈ ನೆಲದವೇ, ಬೋರೆಹಣ್ಣಿನ ಬಳಗದವು. ಪಕ್ಕದ ಗಿಡಮರಗಳಿಗೆ ಒರಗಿ ಹಬ್ಬುತ್ತವೆ. ಊರಿಂದೂರಿಗೆ ಹೆಸರು ಬೇರೆ. ಹಾಗಾಗಿ ಹೆಸರು ನೆಚ್ಚಿಕೊಂಡರೆ ಗೊಂದಲವೇ ಜಾಸ್ತಿ.

ಹಣ್ಣಿದ್ದರೆ ತಲೆಬಿಸಿಯಿಲ್ಲ. ಪರಗಿ ಮಿರಿಮಿರಿ ಕಪ್ಪು, ಬಿಳಿಮುಳ್ಳು ಬಿಳಿ. ಆದರೆ ವರ್ಷದಲ್ಲಿ ಹೆಚ್ಚು ದಿನ ಗಿಡದಲ್ಲಿ ಹಣ್ಣೇ ಇರುವುದಿಲ್ಲ ಅಲ್ವಾ? ಆಗ ಹೀಗೆ ಮಾಡಿ.

ಮೊದಲು, ಬಳಗ ಖಚಿತಪಡಿಸಿಕೊಳ್ಳಿ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ತೊಟ್ಟಿನ ಬುಡದಿಂದಲೇ ಮೂರು ದಪ್ಪ ನರಗಳು ಹೊರಟು ತುದಿಯತ್ತ ಸಾಗಬೇಕು. ಎಲೆಗಳು ಟೊಂಗೆಯ ಮೇಲೆ ಒಂದು ಆಚೆ, ಒಂದು ಈಚೆ ಇರಬೇಕು. ಎದುರುಬದುರು ಜೋಡಿಯಾಗಿದ್ದು, ಉಜ್ಜಿದರೆ ಘಾಟು ವಾಸನೆ ಬಂದರೆ ಅದು ಲಂಟಾನ. ಅದರ ಕಾಯಿ ವಿಷ, ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಈಗ ಎಲೆಯ ಅಳತೆ. ಪರಗಿಯದು ಸಣ್ಣದು, ಸುಮಾರು 2ರಿಂದ 6 ಸೆಂ.ಮೀ. ಉದ್ದ. ತುದಿ ಚೂಪು. ಬುಡ ಓರೆ, ನಡುನರದ ಒಂದು ಬದಿ ಇನ್ನೊಂದಕ್ಕಿಂತ ಅಗಲ. ಬಿಳಿಮುಳ್ಳಿನ ಎಲೆ ಅಂಗೈಯಷ್ಟು ಬೆಳೆಯಬಹುದು, ಅಗಲ, ಹೆಚ್ಚುಕಡಿಮೆ ದುಂಡು.

ಎಲೆಯ ಹಿಂಭಾಗವೇ ನಿಜವಾದ ಗುರುತು. ಎಳೆ ಚಿಗುರಿನ ಎಲೆ ಬೇಡ, ಬಲಿತದ್ದನ್ನೇ ಆರಿಸಿ. ತಿರುಗಿಸಿ ಹೆಬ್ಬೆರಳಿನಿಂದ ಸವರಿ. ಬಿಳಿಮುಳ್ಳಾದರೆ ಮಖಮಲ್ಲಿನ ಹಾಗೆ ದಟ್ಟ ರೋಮ, ಮಾಸಲು ಬಿಳಿ ಇಲ್ಲವೇ ತಿಳಿಕಂದು ಬಣ್ಣ. ಮೇಲ್ಭಾಗದ ಹಸಿರಿಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನಿಸುತ್ತದೆ. ಪರಗಿಯ ಹಿಂಭಾಗದಲ್ಲೂ ರೋಮವಿದೆ, ಆದರೆ ಅದು ಎಲೆಗೆ ಒತ್ತಿಕೊಂಡು ಮಲಗಿರುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ರೇಷ್ಮೆಯ ಹೊಳಪು ಕಾಣುತ್ತದೆ. ಲೆನ್ಸ್ ಬೇಕಾಗಿಲ್ಲ, ಕಣ್ಣು ಬೆರಳು ಸಾಕು.

ಮುಳ್ಳು ನೋಡಿ ಹೇಳಿಬಿಡುತ್ತೇವೆ ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ. ಬಿಳಿಮುಳ್ಳಿನದು ಸಾಮಾನ್ಯವಾಗಿ ಒಂಟಿ, ಬುಡ ದಪ್ಪ, ಕೊಕ್ಕೆಯಂತೆ ಬಾಗಿದ್ದು. ಪರಗಿಯಲ್ಲಿ ಒಂಟಿಯೂ ಇರುತ್ತದೆ, ಜೋಡಿಯೂ ಇರುತ್ತದೆ. ಜೋಡಿಯಿದ್ದಾಗ ಒಂದು ನೆಟ್ಟಗೆ, ಒಂದು ಕೊಕ್ಕೆ. ಒಂಟಿ ಮುಳ್ಳು ಕಂಡ ಮಾತ್ರಕ್ಕೆ ತೀರ್ಮಾನಿಸುವ ಹಾಗಿಲ್ಲ.

ಹೂವಿದ್ದರೆ ಕೆಲಸ ಇನ್ನೂ ಸಲೀಸು. ಪರಗಿಯ ಹಸಿರು ಹೂಗಳು ಎಲೆಯ ಕಂಕುಳಲ್ಲೇ (ತೊಟ್ಟು ಟೊಂಗೆಗೆ ಸೇರುವಲ್ಲಿ) ಗಿಡ್ಡ ಗೊಂಚಲಾಗಿ ಅಂಟಿಕೊಂಡಿರುತ್ತವೆ. ಬಿಳಿಮುಳ್ಳು ಟೊಂಗೆಯ ತುದಿಯಲ್ಲಿ ಉದ್ದನೆಯ, ಕವಲೊಡೆದ ಗೊಂಚಲು ಬಿಡುತ್ತದೆ. ಅದರ ಹೂವಿಗೆ ಎಸಳೇ ಇಲ್ಲ.

ಕಾಲವೂ ಬೇರೆ. ಪರಗಿ ಸಾಮಾನ್ಯವಾಗಿ ಮಳೆಗಾಲದಲ್ಲಿ ಹೂಬಿಟ್ಟು ಚಳಿಗೆ ಹಣ್ಣಾಗುತ್ತದೆ, ರುಚಿ ಹುಳಿಸಿಹಿ. ಬಿಳಿಮುಳ್ಳು ಬೇಸಿಗೆಯದು, ಹಿಟ್ಟುಹಿಟ್ಟಾದ ಸಿಹಿ. ಎರಡರಲ್ಲೂ ತಿರುಳಿಗಿಂತ ಬೀಜವೇ ದೊಡ್ಡದು.

ಅನುಮಾನ ಉಳಿದರೆ ಫೋಟೊ ತೆಗೆದು ಬಲ್ಲವರಿಗೆ ಕಳಿಸಿ. ಸುಮ್ನೆ ದೂರದಿಂದ ಪೊದೆಯ ಚಿತ್ರ ತೆಗೆದರೆ ಯಾರೂ ಏನೂ ಹೇಳಲಾರರು. ಎಲೆಯ ಎರಡೂ ಬದಿ, ಮುಳ್ಳಿರುವ ಟೊಂಗೆ, ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇರಲಿ.