ದರ ಹೇಳುವ ಕೆಲಸವನ್ನು ವೆಬ್‌ಸೈಟ್‌ಗೆ ಬಿಟ್ಟೆ

ನಾನು ಶಿರಸಿ ಹತ್ತಿರ ಹುಲೇಕಲ್ ಕಡೆಯವನು. ಅಡಿಕೆ ತೋಟದ ಜೊತೆಗೆ ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆ, ತಾಳ ಕಲಿಸುತ್ತೇನೆ. ಊರಿನ ಮಕ್ಕಳಿಗೆ ಎದುರಿಗೇ ಪಾಠ. ಬೆಂಗಳೂರು, ನ್ಯೂಜೆರ್ಸಿ, ಲಂಡನ್‌ನಲ್ಲಿರುವ ನಮ್ಮ ಕಡೆಯವರ ಮಕ್ಕಳಿಗೆ ಝೂಮ್‌ನಲ್ಲಿ. ಈ ಎರಡನೇ ಪಾಠಕ್ಕೆ ಸೇರುವುದು, ಫೀಸು ಕಟ್ಟುವುದು, ಸಮಯ ಹಿಡಿಯುವುದು ಎಲ್ಲ ಈಗ ನನ್ನ ವೆಬ್‌ಸೈಟ್‌ನಲ್ಲೇ ಆಗುತ್ತದೆ. ಕೋಡಿಂಗ್ ನನಗೆ ಬರುವುದಿಲ್ಲ. ಕೋಡ್ ಬರೆಯದೆಯೇ ಸೈಟ್ ಮಾಡಲು ಸಿಗುವ ರೆಡಿ ಬಿಲ್ಡರ್ ಬಳಸಿ ನಾನೇ ಕಟ್ಟಿಕೊಂಡೆ.

ಮೊದಲು ಫೀಸಿನ ಕತೆ ಹೇಗಿತ್ತು ಹೇಳುತ್ತೇನೆ. "ಎಷ್ಟು ಕೊಡವು ಭಾವಾ?" (ಎಷ್ಟು ಕೊಡಬೇಕು) ಎಂದು ಫೋನಿನಲ್ಲಿ ಕೇಳುತ್ತಾರೆ. "ಅದೆಲ್ಲ ಆಮೇಲೆ ನೋಡನ" ಎನ್ನುತ್ತೇನೆ. ನಮ್ಮ ಕಡೆ ಕಲೆ ಕಲಿಸುವವನು ಬಾಯಿಬಿಟ್ಟು ದರ ಹೇಳಿದರೆ ಏನೋ ಒಂಥರಾ. ತಿಂಗಳ ಕೊನೆಗೆ ಒಬ್ಬರು ಎರಡು ಸಾವಿರ ಹಾಕುತ್ತಾರೆ, ಇನ್ನೊಬ್ಬರು ಐನೂರು. ರಜೆಗೆ ಊರಿಗೆ ಬಂದವರು ಒಂದು ಡಬ್ಬಿ ತೊಡೆದೇವು ಎಂಬ ಸಿಹಿತಿಂಡಿ ಕೊಟ್ಟು ಹೋಗುತ್ತಾರೆ. ತೊಡೆದೇವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಂಟರ್ನೆಟ್ ಬಿಲ್ಲು ಅದರಿಂದ ಕಟ್ಟಲಾಗುವುದಿಲ್ಲವಲ್ಲ.

ಬಿಲ್ಡರ್ ಹುಡುಕಿದಾಗ ಕಂಡದ್ದು ಇಷ್ಟು: ಗೂಗಲ್ ಸೈಟ್ಸ್ ಪುಕ್ಕಟೆ ಸಿಗುತ್ತದೆ. ಆದರೆ ಬುಕಿಂಗ್, ಹಣ ಪಡೆಯುವ ವ್ಯವಸ್ಥೆ ಅದರೊಳಗೇ ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ಏನು ಬೇಕಾದರೂ ಮಾಡಬಹುದು, ಆದರೆ ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಅಪ್‌ಡೇಟ್ ಮಾಡುತ್ತ ಕೂರುವ ತಾಳ್ಮೆ ನನಗಿಲ್ಲ. ಬುಕಿಂಗ್ ಒಳಗೇ ಇರುವುದರಿಂದ ವಿಕ್ಸ್ (Wix) ಎಂಬ ಬಿಲ್ಡರ್ ತಗೊಂಡೆ. ಅದರ ಪುಕ್ಕಟೆ ಪ್ಲಾನ್‌ನಲ್ಲಿ ಅವರ ಜಾಹೀರಾತು ಇರುತ್ತದೆ, ಸ್ವಂತ ಡೊಮೇನ್ (ಸೈಟಿನ ವಿಳಾಸ) ಜೋಡಿಸಲಾಗುವುದಿಲ್ಲ, ಆನ್‌ಲೈನ್ ಹಣವೂ ಪಡೆಯಲಾಗುವುದಿಲ್ಲ. ಹಾಗಾಗಿ ಸೇವೆ ಮಾರುವವರು ಮೊದಲೇ ವರ್ಷದ ಪ್ಲಾನಿನ ಖರ್ಚು ಲೆಕ್ಕ ಹಾಕಿಕೊಂಡಿರಬೇಕು. ಡೊಮೇನ್ ಖರ್ಚು ಅದರ ಮೇಲೆ ಬೇರೆ.

ಬಣ್ಣ, ಫೋಟೋ, ಅಕ್ಷರ ಎಲ್ಲ ಒಂದು ಮಳೆಗಾಲದ ಸಂಜೆಯ ಕೆಲಸ. ತಲೆ ತಿಂದದ್ದು 'ಸೇವೆ ಸೇರಿಸಿ' ಎನ್ನುವ ಪುಟ. ಎಷ್ಟು ನಿಮಿಷ? ಎಷ್ಟು ಜನ? ಎಷ್ಟು ದುಡ್ಡು? ಎಷ್ಟು ಹೊತ್ತು ಮೊದಲು ರದ್ದು ಮಾಡಬಹುದು? ಎರಡು ಪಾಠದ ನಡುವೆ ಎಷ್ಟು ಬಿಡುವು? ಇಷ್ಟು ವರ್ಷ ಕಲಿಸಿದರೂ ಇದನ್ನೆಲ್ಲ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಉತ್ತರ ಬರೆಯದೆ ಆ ಪುಟ ಮುಂದೆ ಬಿಡುವುದಿಲ್ಲ.

ಅಲ್ಲಿ ಸೇವೆಗೆ ಮೂರು ಬಗೆ ಇವೆ. ಅಪಾಯಿಂಟ್‌ಮೆಂಟ್ ಎಂದರೆ ಒಬ್ಬರಿಗೇ ಪಾಠ, ಅವರೇ ಸಮಯ ಆರಿಸುತ್ತಾರೆ. ಕ್ಲಾಸ್ ಎಂದರೆ ವಾರವಾರ ನಡೆಯುತ್ತಲೇ ಇರುತ್ತದೆ, ಬಂದವರು ಆ ದಿನದ್ದು ಕಟ್ಟುತ್ತಾರೆ. ಕೋರ್ಸ್‌ಗೆ ಶುರು, ಕೊನೆ ಎರಡೂ ಇದೆ, ಹಣ ಒಟ್ಟಿಗೆ. ಹೆಜ್ಜೆ ಕಲಿಯುವವರಿಗೆ ಕೋರ್ಸೇ ಸರಿ. ಏಕತಾಳದ ಹೆಜ್ಜೆ ಕಾಲಿಗೆ ಕೂತ ಮೇಲೆ ತಾನೇ ರೂಪಕ, ಝಂಪೆ? ನಡುವೆ ಬಂದು ನಡುವೆ ಹೋದರೆ ಉಳಿದ ಮಕ್ಕಳೂ ಹಾಳು. ಹನ್ನೆರಡು ಪಾಠ, ಆರು ಮಕ್ಕಳು, ಒಬ್ಬರಿಗೆ 3,600 ರೂಪಾಯಿ ಎಂದು ಹಾಕಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಪಾತ್ರ ತಯಾರು ಮಾಡಬೇಕು ಎನ್ನುವವರಿಗೆ ಅಪಾಯಿಂಟ್‌ಮೆಂಟ್ ಇಟ್ಟೆ.

ತಿಂಗಳು ತಿಂಗಳು ತಾನಾಗಿಯೇ ಹಣ ಕಡಿತವಾಗುವ ಹಾಗೆ ಮಾಡಿ ಎಂದು ಕೆಲವರು ಸಲಹೆ ಕೊಟ್ಟರು. ಬೇಡ ಎನ್ನಿಸಿತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಕಡಿತಕ್ಕೆ ಮೊದಲು ಗ್ರಾಹಕರ ಒಪ್ಪಿಗೆ ನೋಂದಣಿಯಾಗಬೇಕು, ಪ್ರತಿ ಸಲ 24 ಗಂಟೆ ಮೊದಲು ಅವರಿಗೆ ಸಂದೇಶ ಹೋಗಬೇಕು. ನಿಯಮ ಒಳ್ಳೆಯದೇ. ಆದರೆ ಆರು ಮಕ್ಕಳ ಬ್ಯಾಚಿಗೆ ಯಾರ ಕಾರ್ಡು ಪಾಸಾಯಿತು, ಯಾರದ್ದು ಫೇಲಾಯಿತು ಎಂದು ಬೆನ್ನು ಹತ್ತುವುದು ಯಾರಿಗೆ ಬೇಕು?

ಹಣಕ್ಕೆ ರೇಜರ್‌ಪೇ ಎಂಬ ಆನ್‌ಲೈನ್ ಪಾವತಿ ಸೇವೆ ಜೋಡಿಸಿದೆ. ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾರೆ. ಸೈಟಿನಲ್ಲಿ ಷರತ್ತು, ಖಾಸಗಿತನ, ಹಣ ವಾಪಸಾತಿ, ಸಂಪರ್ಕ ಈ ಪುಟಗಳು ಇರಲೇಬೇಕು, ಅವನ್ನು ನೋಡಿಯೇ ಖಾತೆ ಶುರು ಮಾಡುತ್ತಾರೆ. ಸಾಮಾನ್ಯ ದರ ನೂರಕ್ಕೆ ಎರಡು, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದರೆ 3,600ರಲ್ಲಿ ಸುಮಾರು 85 ರೂಪಾಯಿ ಹೋಗುತ್ತದೆ. ಯುಪಿಐ ನಂಬರನ್ನೇ ಕೊಟ್ಟರೆ ಅದು ಉಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ. ಆಮೇಲೆ ಸ್ಕ್ರೀನ್‌ಶಾಟ್ ನೋಡಿ, ಹೆಸರು ತಾಳೆ ಹಾಕಿ, ಲಿಂಕ್ ಕಳಿಸಿ ಕೂರುವವನೂ ನಾನೇ. ಎಂಬತ್ತೈದು ರೂಪಾಯಿ ಹೋಗಲಿ. ಹೊರದೇಶದ ಕಾರ್ಡಿಗೆ ಬೇರೆಯೇ ಅನುಮತಿ ಬೇಕು, ಶುಲ್ಕವೂ ಜಾಸ್ತಿ. ನಮ್ಮ ಸ್ವಂತ ಜಿಎಸ್‌ಟಿ ನೋಂದಣಿಯ ಬಗ್ಗೆ ಹೆದರುವವರಿಗೆ ಒಂದು ಮಾತು: ಸೇವೆಗಳಿಗೆ ಇರುವ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಹೆಜ್ಜೆ ಕಲಿಸಿ ಅಷ್ಟು ಬಂದ ದಿನ ನಾನೇ ಊರಿಗೆಲ್ಲ ಊಟ ಹಾಕಿಸುತ್ತೇನೆ!

ಸಮಯದ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ಕೊಟ್ಟಿಗೆ ಕೆಲಸ ಮುಗಿಸಿ ಕೂತರೆ ನ್ಯೂಜೆರ್ಸಿಯಲ್ಲಿ ಶುಕ್ರವಾರ ರಾತ್ರಿ. ಬೇಸಿಗೆಯಲ್ಲಿ ಅಲ್ಲಿ ಒಂಬತ್ತು ಗಂಟೆ, ಚಳಿಗಾಲದಲ್ಲಿ ಎಂಟು. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಲಂಡನ್‌ನವರು ಮಾರ್ಚ್, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇದನ್ನು ಮಾಡುತ್ತಾರೆ. ನೋಡುವವರಿಗೆ ಅವರವರ ಊರಿನ ಸಮಯವನ್ನೇ ತೋರಿಸುವ ಆಯ್ಕೆ ಬಿಲ್ಡರ್‌ನಲ್ಲಿದೆ, ಅದನ್ನು ಆನ್ ಮಾಡಿಡಬೇಕು. ಆದರೂ ಎಂಟಕ್ಕೆ ಕೂರುವ ಐದು ವರ್ಷದ ಮಗು ಒಂಬತ್ತಕ್ಕೆ ಕಣ್ಣು ಬಿಡುವುದಿಲ್ಲ. ಅದಕ್ಕೆ ಅಮೆರಿಕದ ಬ್ಯಾಚು ಈ ಭಾನುವಾರಗಳನ್ನು ದಾಟದ ಹಾಗೆ ತಾರೀಕು ಹಾಕುತ್ತೇನೆ.

ನನ್ನ ಗೂಗಲ್ ಕ್ಯಾಲೆಂಡರ್ ಅನ್ನೂ ಸೈಟಿಗೆ ಜೋಡಿಸಿದ್ದೇನೆ. ಅಲ್ಲಿ 'ಬಿಡುವಿಲ್ಲ' ಎಂದು ಗುರುತು ಮಾಡಿದ ಹೊತ್ತು ಇಲ್ಲಿ ಮುಚ್ಚಿಕೊಳ್ಳುತ್ತದೆ. ರಾತ್ರಿಯಿಡೀ ಯಕ್ಷಗಾನದ ಆಟವಿದ್ದರೆ ಮರುದಿನದ ಬೆಳಿಗ್ಗೆ ಬಂದ್. ಅಡಿಕೆ ಕೊನೆ ಕೊಯ್ಲಿನ ದಿನಗಳು ಬಂದ್. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಅಷ್ಟೂ ದಿನ ಬಂದ್. ಜಾತ್ರೆಯ ಗದ್ದಲದಲ್ಲಿ ನೆಂಟರನ್ನು ಬಿಟ್ಟು ಝೂಮ್ ಹಾಕಿ ಕೂತರೆ ಮನೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಪಾಠದ ವಿವರಣೆಯಲ್ಲಿ ಕಲೆಯ ಹಿರಿಮೆ ಬರೆಯಲು ಹೋಗಬೇಡಿ, ಬೇಕಾದ್ದನ್ನು ಬರೆಯಿರಿ. ನಾನು ಬರೆದದ್ದು ಇಷ್ಟು. ತಲೆಯಿಂದ ಪಾದದವರೆಗೆ ಕ್ಯಾಮೆರಾದಲ್ಲಿ ಕಾಣಬೇಕು, ಮುಖ ಮಾತ್ರ ಕಂಡರೆ ಹೆಜ್ಜೆ ತಿದ್ದಲಾಗುವುದಿಲ್ಲ. ಎರಡು ಸಾಧನ ಬೇಕು. ಇಂಟರ್ನೆಟ್‌ನಲ್ಲಿ ದನಿ ತುಸು ತಡವಾಗಿ ತಲುಪುತ್ತದೆ, ಹಾಗಾಗಿ ನಾನಿಲ್ಲಿ ಮದ್ದಳೆ ನುಡಿಸಿ ಮಗು ಅಲ್ಲಿ ಕುಣಿದರೆ ತಾಳ ಎಂದೂ ಕೂಡುವುದಿಲ್ಲ. ನಾನು ರೆಕಾರ್ಡ್ ಮಾಡಿ ಕಳಿಸಿದ ತಾಳವನ್ನು ಅವರ ಮನೆಯಲ್ಲೇ ಇನ್ನೊಂದು ಫೋನಿನಲ್ಲಿ ಹಾಕಬೇಕು. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಬೇಕು, ಇಲ್ಲದಿದ್ದರೆ ಅದು ತಾಳವನ್ನು ಗದ್ದಲ ಎಂದು ಒರೆಸಿ ಹಾಕುತ್ತದೆ. ಇದನ್ನು ಓದಿ ಬಂದವರಿಗೆ ಮೊದಲ ಪಾಠದಲ್ಲೇ ಕುಣಿತ ಶುರುವಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಪಾಠ ನಿಂತರೆ ಬೇರೆ ದಿನ ಪಾಠ ಕೊಡುತ್ತೇನೆ ಎಂಬುದನ್ನೂ ವಾಪಸಾತಿ ಪುಟದಲ್ಲಿ ಹಾಕಿದ್ದೇನೆ. ಇನ್ವರ್ಟರ್ ಇದೆ, ಆದರೆ ಇಂಟರ್ನೆಟ್ ಲೈನೇ ಹೋದರೆ ಅದೇನು ಮಾಡೀತು?

ಪರಿಚಯದ ಪಾಠಕ್ಕೆ ನೂರು ರೂಪಾಯಿ ಇದೆ. ಪುಕ್ಕಟೆ ಎಂದರೆ ಸುಮ್ನೆ ಹೆಸರು ಹಾಕಿ ಬರದೇ ಇರುತ್ತಾರೆ. ನೂರು ಕೊಟ್ಟವರು ಐದು ನಿಮಿಷ ಮೊದಲೇ ಹಾಜರು.

ಸೈಟ್ ಮಾಡಿದರೆ ಗೂಗಲ್‌ನಿಂದ ಜನ ಹುಡುಕಿಕೊಂಡು ಬರುತ್ತಾರೆ ಎಂದು ಹೇಳುವವರ ಮಾತು ನಾನು ನಂಬುವುದಿಲ್ಲ. ನನ್ನಲ್ಲಿಗೆ ಬರುವವರು ಬಹುಪಾಲು ವಾಟ್ಸಾಪ್ ಗುಂಪುಗಳಿಂದ, ಒಬ್ಬ ತಾಯಿ ಇನ್ನೊಬ್ಬರಿಗೆ ಹೇಳಿ ಬಂದವರು. ಸೈಟಿನಿಂದ ಆದ ಉಪಕಾರ ಬೇರೆ. "ಎಷ್ಟು ಕೊಡವು?" ಎಂದು ಕೇಳಿದರೆ ಲಿಂಕ್ ಕಳಿಸುತ್ತೇನೆ. ದರ ಓದಿಕೊಂಡು ಬೇಕಾದವರು ಕಟ್ಟುತ್ತಾರೆ, ಬೇಡದವರು ಸುಮ್ಮನಾಗುತ್ತಾರೆ, ನಮ್ಮ ನೆಂಟಸ್ತಿಕೆ ಹಾಗೇ ಇರುತ್ತದೆ. ಕೊಡಲು ಕಷ್ಟ ಇರುವ ಮನೆಯ ಮಕ್ಕಳಿಗೆ ಕೂಪನ್ ಕೋಡ್ ಮಾಡಿ ಕಳಿಸಿದರಾಯಿತು, ಬ್ಯಾಚಿನ ಉಳಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಒಂದನ್ನು ಮಾತ್ರ ಬುಕಿಂಗ್‌ಗೆ ಹಾಕಿಲ್ಲ. ಆಟ ಆಡಿಸಬೇಕು ಎಂದು ಕೇಳುವವರಿಗೆ ಯಾವ ಪ್ರಸಂಗ, ಹಿಮ್ಮೇಳಕ್ಕೆ ಯಾರು, ವೇಷಭೂಷಣ ಎಲ್ಲಿಂದ, ಕಲಾವಿದರಿಗೆ ಊಟ ವಸತಿ ಯಾರದ್ದು ಎಂದು ಮಾತಾಡದೆ ದರ ಹೇಳಲಾಗುವುದಿಲ್ಲ. ಅಲ್ಲಿ ಒಂದು ಫಾರ್ಮ್ ಇಟ್ಟಿದ್ದೇನೆ: ಊರು, ತಾರೀಕು, ಪ್ರಸಂಗ, ಫೋನ್ ನಂಬರ್. ತುಂಬಿದವರಿಗೆ ನಾನೇ ಫೋನ್ ಮಾಡುತ್ತೇನೆ.