ತಂತಿ ಪಳಗಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೋಟದ ನಡುವೆ ಒಂದು ಹಳ್ಳ ಹರಿಯುತ್ತದೆ. ಆಚೆ ದಡದಲ್ಲಿ ಕೊಯ್ದ ಅಡಿಕೆ ಕೊನೆಗಳನ್ನು ತಲೆಯ ಮೇಲೆ ಹೊತ್ತು, ಪಾಚಿ ಹಿಡಿದ ಸಂಕ ದಾಟಿ ಈಚೆಗೆ ತರಬೇಕಿತ್ತು. ಒಬ್ಬಿಬ್ಬರು ಜಾರಿ ಬಿದ್ದ ಮೇಲೆ ಅಪ್ಪ ಹಳ್ಳದ ಮೇಲೆ ಎಂಟು ಗೇಜಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಂತಿ ಎಳೆದು, ಅದಕ್ಕೆ ರಾಟೆ ತೂಗುಹಾಕಿ, ಕೊನೆಗಳ ಬುಟ್ಟಿಯನ್ನು ಜಾರಿಸಿ ತರುವ ಏರ್ಪಾಡು ಮಾಡಿದರು. ಮೊದಲ ಕೊಯ್ಲಿಗೇ ತಂತಿ ಜೋತುಬಿತ್ತು. ಬಿಗಿದರು. ಮತ್ತೆ ಜೋತುಬಿತ್ತು, ಈ ಸಲ ಸ್ವಲ್ಪ ಕಡಿಮೆ. ಮೂರನೆಯ ಬಾರಿ ಬಿಗಿದ ಮೇಲೆ ಅದು ಜಗ್ಗಲೇ ಇಲ್ಲ. ‘ಈಗ ತಂತಿ ಪಳಗಿತು’ ಎಂದರು ಅಪ್ಪ. ಹೊಸದಾಗಿ ನೊಗ ಹೊತ್ತ ಹೋರಿಯ ಬಗ್ಗೆ ಆಡುವ ಮಾತು ಅದು.

ಪಳಗಿದ ಆ ತಂತಿ ನಾಲ್ಕನೆಯ ವರ್ಷ ಕಂಬದ ಬುಡದಲ್ಲಿ, ಪ್ರತಿ ವರ್ಷ ಬಿಚ್ಚಿ ಸುತ್ತುತ್ತಿದ್ದ ಜಾಗದಲ್ಲಿಯೇ, ಪಟ್ಟನೆ ಮುರಿಯಿತು. ಬುಟ್ಟಿ ಹಳ್ಳ ಸೇರಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

ನಾನು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೋಹಗಳ ಎಳೆತ ಪರೀಕ್ಷೆ ಮಾಡುವವನು. ದಿನಕ್ಕೆ ಹತ್ತಾರು ಮಾದರಿಗಳನ್ನು ಯಂತ್ರದ ದವಡೆಗೆ ಕೊಡುತ್ತೇನೆ. ಎರಡು ಮೂರು ನಿಮಿಷದಲ್ಲಿ ಸದ್ದು ಮಾಡಿ ತುಂಡಾಗುತ್ತದೆ, ನಾಲ್ಕು ಅಂಕಿ ಬರೆದುಕೊಳ್ಳುತ್ತೇನೆ, ಮುಂದಿನದು. ಆದರೆ ಅದೇ ತಂತಿ ಒಂದು ಕಡೆ ಎಳೆಸಿಕೊಂಡು ಗಟ್ಟಿಯಾದದ್ದು ಹೇಗೆ, ಇನ್ನೊಂದು ಕಡೆ ಮುರಿಯುವಷ್ಟು ಬಿರುಸಾದದ್ದು ಹೇಗೆ ಎಂದು ತಮ್ಮ ಕೇಳಿದಾಗ ನನ್ನ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ವಿಷಯ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಆ ಮಳೆಗಾಲದಲ್ಲಿ ರಜೆ ಹಾಕಿ ಕೊಟ್ಟಿಗೆಯಲ್ಲಿ ಪರೀಕ್ಷೆಗೆ ಕುಳಿತೆ.

ಸಲಕರಣೆ ಹೆಚ್ಚೇನೂ ಬೇಡ. ಕೊಟ್ಟಿಗೆಯ ತೊಲೆ, ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ 1 ಮಿ.ಮೀ. ದಪ್ಪದ ತಾಮ್ರದ ತಂತಿ, ಒಂದು ದೊಡ್ಡ ಬಕೆಟ್, ಲೀಟರ್ ಅಳತೆಯ ಚೊಂಬು. ಒಂದು ಲೀಟರ್ ನೀರು ಒಂದು ಕಿಲೋ. ತೂಕದ ಕಲ್ಲುಗಳನ್ನು ಇಟ್ಟರೆ ತಂತಿ ಜರ್ಕ್ ತಿನ್ನುತ್ತದೆ. ನೀರನ್ನು ಸಣ್ಣ ಧಾರೆಯಾಗಿ ಸುರಿದರೆ ಭಾರ ನಯವಾಗಿ ಏರುತ್ತದೆ. ತಂತಿಯ ಮೇಲಿನ ವಾರ್ನಿಷನ್ನು ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಸುಟ್ಟು ತೆಗೆದೆ. ಆ ಹೊಗೆ ಒಳ್ಳೆಯದಲ್ಲ. ಕೆಂಪಗೆ ಕಾಯಿಸಿದ್ದರಿಂದ ತಂತಿ ಪೂರ್ತಿ ಮೆತ್ತಗೂ ಆಯಿತು.

ಮೊದಲ ದಿನದ ಅಳತೆಗಳೆಲ್ಲ ಹಾಳಾದವು. ಗಂಟು ಹಾಕಿದ ಕಡೆ ತಂತಿ ಜಾರುತ್ತಿತ್ತು, ಇಲ್ಲವೇ ಗಂಟಿನಲ್ಲಿಯೇ ತುಂಡಾಗುತ್ತಿತ್ತು. ಗಂಟು ಬಿಟ್ಟು ಕಬ್ಬಿಣದ ಪೈಪಿಗೆ ಐದಾರು ಸುತ್ತು ಹಾಕಿದ ಮೇಲೆ ಅದು ಸರಿಯಾಯಿತು. ಇನ್ನೊಂದು ತಪ್ಪು ಹಿಡಿಯಲು ಸಂಜೆಯಾಯಿತು: ಭಾರ ಹೆಚ್ಚಿದಂತೆ ತೊಲೆಯೇ ಕೂದಲೆಳೆಯಷ್ಟು ಬಾಗುತ್ತಿತ್ತು, ನಾನು ಅದನ್ನೂ ತಂತಿಯ ಲೆಕ್ಕಕ್ಕೆ ಸೇರಿಸುತ್ತಿದ್ದೆ. ಅದೇ ತೊಲೆಯ ಅದೇ ಜಾಗದಿಂದ ಇನ್ನೊಂದು ತಂತಿ ಇಳಿಬಿಟ್ಟು, ಅದಕ್ಕೆ ಸಣ್ಣ ಭಾರ ಕಟ್ಟಿ, ಅದರ ಆಧಾರದಲ್ಲಿ ಬಿದಿರುಕಡ್ಡಿಯ ಮುಳ್ಳು ಕೂರಿಸಿದೆ. ತೊಲೆ ಬಾಗಿದರೆ ಎರಡೂ ತಂತಿ ಒಟ್ಟಿಗೆ ಇಳಿಯುತ್ತವೆ, ಮುಳ್ಳು ಅಲುಗುವುದಿಲ್ಲ. ಮುಳ್ಳಿನ ಒಂದು ತೋಳು ಇನ್ನೊಂದರ ಹತ್ತು ಪಟ್ಟು ಉದ್ದ. ತಂತಿ ಒಂದು ಮಿ.ಮೀ. ಹಿಗ್ಗಿದರೆ ಗೋಡೆಯ ಗ್ರಾಫ್ ಹಾಳೆಯ ಮೇಲೆ ಅದು ಹತ್ತು ಮಿ.ಮೀ. ಆಗಿ ಕಾಣುತ್ತದೆ.

ಎರಡು ಮೀಟರ್ ತಂತಿ. ಬಕೆಟ್ಟಿನ ತೂಕ ಸೇರಿಸಿಕೊಂಡು ಲೆಕ್ಕ. ಮೊದಮೊದಲು ಮುಳ್ಳು ಲೀಟರಿಗೆ ಸುಮಾರು 2 ಮಿ.ಮೀ.ಯಂತೆ ಸಮನಾಗಿ ಇಳಿಯಿತು. ಎಂದರೆ ತಂತಿ ಹಿಗ್ಗಿದ್ದು ಲೀಟರಿಗೆ 0.2 ಮಿ.ಮೀ. ಮಾತ್ರ. ನೀರು ತೆಗೆದರೆ ಮುಳ್ಳು ಹೊರಟಲ್ಲಿಗೇ ಮರಳುತ್ತಿತ್ತು. ಭಾರಕ್ಕೆ ತಕ್ಕ ಹಿಗ್ಗು ಎಂದು ರಾಬರ್ಟ್ ಹುಕ್ 1678ರಲ್ಲಿ ಬರೆದ ನಿಯಮ ಇದೇ. ಶಾಲೆಯಲ್ಲಿ ಎಲ್ಲರೂ ಕಲಿಯುತ್ತೇವೆ, ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತೇವೆ. ನನ್ನ ತಂತಿಯಲ್ಲಿ ಆ ನಿಯಮ ಆಳಿದ್ದು ಎರಡು ಮೀಟರಿನಲ್ಲಿ ಒಂದು ಮಿ.ಮೀ. ಒಳಗೆ!

ಐದು ಲೀಟರ್ ದಾಟಿದ್ದೇ ಮುಳ್ಳು ನೆಲೆ ಬಿಟ್ಟಿತು. ಸುರಿದು ನಿಲ್ಲಿಸಿದರೂ ತಂತಿ ಒಂದೆರಡು ನಿಮಿಷ ಮೆಲ್ಲಗೆ ಇಳಿಯುತ್ತಲೇ ಇರುತ್ತಿತ್ತು. ಮುಳ್ಳನ್ನು ಕಳಚಿ ಸ್ಕೇಲಿನಿಂದಲೇ ಅಳೆಯತೊಡಗಿದೆ. ಹನ್ನೆರಡು ಲೀಟರಿಗೆ ತಂತಿ ಸುಮಾರು 9 ಸೆಂ.ಮೀ. ಉದ್ದವಾಗಿತ್ತು. ಅಲ್ಲಿ ಪೂರ್ತಿ ನೀರು ಖಾಲಿ ಮಾಡಿದೆ. ವಾಪಸು ಬಂದದ್ದು ಎರಡೂವರೆ ಮಿ.ಮೀ. ಅಷ್ಟೇ, ಉಳಿದದ್ದು ಉಳಿಯಿತು.

ಮುಳ್ಳನ್ನು ಮತ್ತೆ ಕೂರಿಸಿ ಒಂದನೆಯ ಲೀಟರಿನಿಂದ ಶುರು ಮಾಡಿದೆ. ಐದು ಲೀಟರ್ ಬಂತು, ಮೊದಲ ಸಲ ಸೋತ ಜಾಗ. ತಂತಿ ಸೋಲಲಿಲ್ಲ. ಏಳು, ಒಂಬತ್ತು, ಹನ್ನೊಂದು. ಮುಳ್ಳು ಲೀಟರಿಗೆ ಅದೇ ಎರಡು ಮಿ.ಮೀ.ಯ ಹೆಜ್ಜೆ ಇಡುತ್ತಾ ಹೋಯಿತು. ಹನ್ನೆರಡು ದಾಟಿದ ಮೇಲೆಯೇ ತಂತಿ ಮತ್ತೆ ಬಿಟ್ಟುಕೊಟ್ಟಿದ್ದು. ಹೊರಗೆ ಮಳೆ ಸುರಿಯುತ್ತಿತ್ತು, ಕೈಯಲ್ಲಿ ಚೊಂಬು ಹಿಡಿದುಕೊಂಡು ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಹದಿನೈದು ವರ್ಷದಿಂದ ವರದಿಯಲ್ಲಿ ಬರೆಯುತ್ತಿದ್ದ ‘ಯೀಲ್ಡ್’ ಎಂಬ ಅಂಕಿ, ಎಂದರೆ ಲೋಹ ಸೋಲುವ ಮಿತಿ, ತಾಮ್ರದ ಸ್ವಭಾವ ಎಂದುಕೊಂಡಿದ್ದೆ. ಅದು ಈ ತಂತಿಯ ಇದುವರೆಗಿನ ಬದುಕಿನ ಗುರುತು. ಎಲ್ಲಿಯವರೆಗೆ ಎಳೆಸಿಕೊಂಡಿದೆಯೋ ಅಲ್ಲಿಯವರೆಗಿನದನ್ನು ಅದು ನೆನಪಿಟ್ಟುಕೊಂಡಿರುತ್ತದೆ.

ಬದಲಾಗದ್ದನ್ನೂ ಗಮನಿಸಬೇಕು. ಲೀಟರಿಗೆ ಎರಡು ಮಿ.ಮೀ. ಎಂಬ ಹೆಜ್ಜೆ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಆ ಬಿಗುವು ಪರಮಾಣುಗಳ ನಡುವಿನ ಬೆಸುಗೆಯಿಂದ ಬರುವಂಥದ್ದು. ಎಳೆತ ಅದನ್ನು ಹೆಚ್ಚೇನೂ ಮುಟ್ಟುವುದಿಲ್ಲ. ಬದಲಾಗುವುದು ಲೋಹದ ಹರಳುಗಳೊಳಗಿನ ಗೆರೆತಪ್ಪುಗಳ, ಎಂದರೆ ಪರಮಾಣುಗಳ ಜೋಡಣೆ ಸಾಲು ತಪ್ಪಿದ ಗೆರೆಗಳ, ಸ್ಥಿತಿ. ಹಾಸಿದ ಕಂಬಳಿಯನ್ನು ಪೂರ್ತಿ ಎಳೆಯುವ ಬದಲು ಒಂದು ಮಡಿಕೆ ಎಬ್ಬಿಸಿ ಅದನ್ನು ದೂಡುತ್ತಾ ಹೋದರೆ ಕಂಬಳಿ ಸುಲಭವಾಗಿ ಸರಿಯುತ್ತದಲ್ಲ, ಲೋಹದಲ್ಲಿ ಪರಮಾಣುಗಳ ಪದರ ಸರಿಯುವುದು ಹಾಗೆ. ಆ ಮಡಿಕೆಗೆ ಡಿಸ್‌ಲೊಕೇಶನ್ ಎನ್ನುತ್ತಾರೆ. ಟೇಲರ್, ಓರೊವನ್, ಪೊಲಾನಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ 1934ರಲ್ಲಿ ಇದನ್ನು ಹೇಳಿದರು. ಎಳೆದಷ್ಟೂ ಮಡಿಕೆಗಳು ಹುಟ್ಟುತ್ತವೆ, ಒಂದಕ್ಕೊಂದು ಅಡ್ಡ ಬರುತ್ತವೆ, ಸಿಕ್ಕು ಬೀಳುತ್ತವೆ. ಮುಂದೆ ಸರಿಸಲು ಇನ್ನಷ್ಟು ಭಾರ ಬೇಕು. ಅಪ್ಪ ‘ಪಳಗಿತು’ ಎಂದದ್ದು ಇದನ್ನೇ.

ಹದಿನೇಳು ಲೀಟರಿನ ಹತ್ತಿರ ತಂತಿ ತುಂಡಾಯಿತು. ಆ ಹೊತ್ತಿಗೆ ಅದು ಅರ್ಧ ಮೀಟರಿಗಿಂತ ಹೆಚ್ಚು ಉದ್ದವಾಗಿತ್ತು. ಮೈಕ್ರೋಮೀಟರ್ ಹಿಡಿದರೆ ಉದ್ದಕ್ಕೂ ದಪ್ಪ 0.88 ಮಿ.ಮೀ. ಆಸುಪಾಸು. ಮುರಿದ ತುದಿ ಮಾತ್ರ ಕೊರೆದ ಪೆನ್ಸಿಲಿನಂತೆ ಚೂಪು. ಎಳೆದಂತೆ ತಂತಿ ಗಟ್ಟಿಯೂ ಆಗುತ್ತದೆ, ತೆಳ್ಳಗೂ ಆಗುತ್ತದೆ. ಗಟ್ಟಿಯಾಗುವ ವೇಗ ಹೆಚ್ಚಿರುವವರೆಗೆ, ಎಲ್ಲಿ ತುಸು ತೆಳ್ಳಗಾಯಿತೋ ಅಲ್ಲಿಯೇ ಅದು ಗಟ್ಟಿಯಾಗಿ ಬೇರೆ ಜಾಗಕ್ಕೆ ಎಳೆತವನ್ನು ದಾಟಿಸುತ್ತದೆ. ಅದಕ್ಕೇ ಎರಡು ಮೀಟರಿನ ಉದ್ದಕ್ಕೂ ಒಂದೇ ದಪ್ಪ. ತೆಳ್ಳಗಾಗುವ ವೇಗ ಮೇಲುಗೈ ಪಡೆದ ಕ್ಷಣ ಒಂದೇ ಕಡೆ ಕೊರಳು ಸಣ್ಣಗಾಗುತ್ತದೆ, ಆಮೇಲಿನದೆಲ್ಲ ಅಲ್ಲಿಯೇ. ಇದನ್ನು 1885ರಲ್ಲಿ ಲೆಕ್ಕಕ್ಕೆ ಇಳಿಸಿದವನು ಫ್ರಾನ್ಸಿನ ಎಂಜಿನಿಯರ್ ಕಾನ್ಸಿಡೇರ್. ಪಳಗಿದ ತಂತಿಯಲ್ಲಿ ಮುಂದೆ ಹಿಗ್ಗುವ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಕಂಬದ ಬುಡದಲ್ಲಿ ಬಾಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಾಗಿಸಿದ ಜಾಗದಲ್ಲಿ ಆ ಶಕ್ತಿ ಪೂರ್ತಿ ಮುಗಿದಿತ್ತು. ತಮ್ಮನಿಗೆ ಕೊಡಬೇಕಿದ್ದ ಉತ್ತರ ಇದು.

ಖರ್ಚಾದದ್ದನ್ನು ಬೆಂಕಿ ಹಿಂದಿರುಗಿಸುತ್ತದೆ. ಹನ್ನೆರಡು ಲೀಟರಿಗೆ ಎಳೆದ ಇನ್ನೊಂದು ತಂತಿಯನ್ನು ಅಡಿಕೆ ಬೇಯಿಸುವ ಒಲೆಯ ಕೆಂಡದಲ್ಲಿ ಮಂಕುಗೆಂಪು ಬರುವವರೆಗೆ ಇಟ್ಟು ತೆಗೆದೆ. ಮತ್ತೆ ತೂಗಿದರೆ ನಾಲ್ಕೈದು ಲೀಟರಿಗೇ ಸೋತಿತು, ಹೊಸದರಂತೆ. ಅದೇ ಒಲೆಯ ಮೇಲೆ ಕೂರುವ ತಾಮ್ರದ ಹಂಡೆಯನ್ನು ಬಡಿದು ಮಾಡುವವರು ನಡುನಡುವೆ ಕಾಯಿಸುವುದು ಇದಕ್ಕೇ. ಬಡಿತ ಗಟ್ಟಿ ಮಾಡುತ್ತದೆ, ಕಾಯಿಸದೆ ಬಡಿದರೆ ಅಂಚು ಬಿರಿಯುತ್ತದೆ.

ಕಬ್ಬಿಣ ಬೇರೆಯೇ ಗುಣದ್ದು. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ತಂತಿ, 0.9 ಮಿ.ಮೀ. ದಪ್ಪದ್ದು, ಹದಿನಾರು ಲೀಟರಿನವರೆಗೆ ಮಿಸುಕಲಿಲ್ಲ. ಅಲ್ಲಿಂದ ಅರ್ಧ ಲೀಟರ್ ಸುರಿಯುವಷ್ಟರಲ್ಲಿ ಬಕೆಟ್ ಒಮ್ಮೆಲೇ ಎರಡು ಬೆರಳು ಕೆಳಗೆ ಕುಸಿದು ನಿಂತಿತು. ತಂತಿ ಹೋಯಿತು ಎಂದುಕೊಂಡೆ, ಅದು ಗಟ್ಟಿಯಾಗಿಯೇ ಇತ್ತು. ಕಬ್ಬಿಣದಲ್ಲಿ ಇಂಗಾಲ, ಸಾರಜನಕದ ಸಣ್ಣ ಪರಮಾಣುಗಳು ಆ ಮಡಿಕೆಗಳ ಬುಡಕ್ಕೆ ಸೇರಿ ಆಣಿ ಹೊಡೆದಂತೆ ಹಿಡಿದಿರುತ್ತವೆ. ಆಣಿ ಕಳಚಿಕೊಂಡರೆ ಎಲ್ಲವೂ ಒಟ್ಟಿಗೆ ಜಾರುತ್ತವೆ. ಭಾರ ಇಳಿಸಿ ಕೂಡಲೇ ಮತ್ತೆ ಏರಿಸಿದರೆ ಕುಸಿತ ಇಲ್ಲ. ಅದೇ ತಂತಿಯನ್ನು ಎರಡು ಗಂಟೆ ಕುದಿಯುವ ನೀರಿನಲ್ಲಿಟ್ಟು ಮತ್ತೆ ತೂಗಿದೆ: ಕುಸಿತ ಮರಳಿ ಬಂತು, ಅದೂ ಮೊದಲಿಗಿಂತ ಹೆಚ್ಚಿನ ಭಾರದಲ್ಲಿ. ಬಿಸಿಗೆ ಆ ಪರಮಾಣುಗಳು ನಡೆದು ಹೋಗಿ ಮತ್ತೆ ತಮ್ಮ ಜಾಗ ಹಿಡಿದಿದ್ದವು. (ಮಾಡಿ ನೋಡುವವರು ಶುದ್ಧ ನೀರನ್ನೇ ಬಳಸಿ. ನಾನು ಮೊದಲು ಹಂಡೆಯ ಚೊಗರಿನಲ್ಲಿ (ಅಡಿಕೆ ಬೇಯಿಸಿದ ನೀರಿನಲ್ಲಿ) ಅದ್ದಿ, ತಂತಿ ಶಾಯಿ ಬಳಿದಂತೆ ಕಪ್ಪಾಯಿತು.)

ಮನೆ ಕಟ್ಟುವವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಹಳೆಯ ಮೇಸ್ತ್ರಿಗಳು ಈಗಲೂ ‘ಟಾರ್ ಕಂಬಿ’ ಎನ್ನುತ್ತಾರೆ. ಅದು ತಣ್ಣಗಿರುವಾಗಲೇ ತಿರುಚಿ ಗಟ್ಟಿ ಮಾಡಿದ ಕಂಬಿ, ನನ್ನ ತಾಮ್ರದ ತಂತಿ ಎಳೆತದಿಂದ ಗಟ್ಟಿಯಾದ ಹಾಗೆ. ಈಗಿನ ಟಿ.ಎಂ.ಟಿ. ಕಂಬಿ ಗಟ್ಟಿಯಾಗುವುದು ಕಾದಿರುವಾಗ ಹೊರಮೈಗೆ ನೀರು ಹಾಯಿಸಿ. ಎರಡರಲ್ಲಿ ಯಾವುದೇ ಇರಲಿ, ತಪ್ಪಾಗಿ ಬಾಗಿಸಿದ ಕಂಬಿಯನ್ನು ನೆಟ್ಟಗೆ ಮಾಡಿ ಅದೇ ಜಾಗದಲ್ಲಿ ಮತ್ತೆ ಬಾಗಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಕೆಲಸದಲ್ಲಿ ಹಾಗೆ ಮಾಡಿದ ನಾಲ್ಕು ಕಂಬಿಗಳನ್ನು ತೆಗೆಸಿದೆ. ಮೇಸ್ತ್ರಿಗೆ ಬೇಸರವಾಯಿತು. ಆಗಲಿ.

ರಬ್ಬರನ್ನು ಸುಮ್ಮನೆ ಕುತೂಹಲಕ್ಕೆ ತೂಗಿದೆ, ಅದು ಎರಡು ದಿನ ತಿಂದಿತು. ದಪ್ಪ ರಬ್ಬರ್ ಬ್ಯಾಂಡ್ ಮೊದಲು ತುಸು ಬಿಗಿ, ನಡುವೆ ಬಹಳ ಮೆತ್ತಗೆ, ಐದಾರು ಪಟ್ಟು ಹಿಗ್ಗಿದ ಮೇಲೆ ಹಗ್ಗದಂತೆ ಬಿರುಸು. ಎರಡನೆಯ ಸಲ ತೂಗಿದರೆ ಅಷ್ಟೇ ಭಾರಕ್ಕೆ ಹೆಚ್ಚು ಹಿಗ್ಗುತ್ತದೆ. ಲೋಹ ಎಳೆತದಿಂದ ಗಟ್ಟಿಯಾದರೆ ಇದು ಮೆತ್ತಗಾಗುತ್ತದೆ. ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಜಾನ್ ಗಫ್ ಎಂಬ ಅಂಧ ವಿದ್ವಾಂಸ 1805ರಲ್ಲಿ ಕಂಡುಕೊಂಡದ್ದು ಹೀಗೆಯೇ, ತುಟಿಗೆ ಮುಟ್ಟಿಸಿ. ಭಾರ ತೂಗುತ್ತಿರುವ ಬ್ಯಾಂಡಿಗೆ ಬಿಸಿನೀರು ಹೊಯ್ದರೆ ಅದು ಹಿಗ್ಗುವ ಬದಲು ಕುಗ್ಗಿ ಬಕೆಟ್ಟನ್ನು ಮೇಲೆತ್ತುತ್ತದೆ. ಅದನ್ನು ನೋಡಲು ಮನೆಮಂದಿಯೆಲ್ಲ ಕೊಟ್ಟಿಗೆಗೆ ಬಂದರು.

ಕೊನೆಗೆ ಹಳ್ಳದ ತಂತಿಯ ಲೆಕ್ಕ ಹಾಕಿದೆ. ಅರವತ್ತು ಮೀಟರ್ ಉದ್ದ, ನಡುವೆ 25 ಕಿಲೋ ಬುಟ್ಟಿ. ಜೋಲು 60 ಸೆಂ.ಮೀ. ಮಾತ್ರ ಇದ್ದರೆ ತಂತಿಯ ಮೇಲೆ ಬೀಳುವ ಎಳೆತ ಆರುನೂರು ಕಿಲೋ ದಾಟುತ್ತದೆ. ಜೋಲು ಒಂದೂವರೆ ಮೀಟರ್ ಬಿಟ್ಟರೆ ಇನ್ನೂರೈವತ್ತು. ಬಿಗಿ ಹೆಚ್ಚಿದಷ್ಟೂ ಗಟ್ಟಿ ಎಂದುಕೊಂಡು ನಾವು ಪ್ರತಿ ವರ್ಷ ತಂತಿಯನ್ನು ಸೋಲುವ ಮಿತಿಯಾಚೆಗೆ ಎಳೆಯುತ್ತಿದ್ದೆವು. ಅದು ಜೋತುಬಿದ್ದು ತನ್ನನ್ನು ತಾನೇ ಉಳಿಸಿಕೊಳ್ಳುತ್ತಿತ್ತು, ನಾವು ಮತ್ತೆ ಬಿಗಿಯುತ್ತಿದ್ದೆವು.

ಈಗ ಹೊಸ ತಂತಿ ಹಾಕಿದ್ದೇವೆ, ಒಂದೂವರೆ ಮೀಟರ್ ಜೋಲು ಬಿಟ್ಟು. ಕಂಬದ ಬುಡದಲ್ಲಿ ಬಿಚ್ಚಿ ಸುತ್ತುವ ಕೆಲಸವಿಲ್ಲ. ತಂತಿ ಬಿಗಿಸುವ ತಿರುಪು, ಟರ್ನ್‌ಬಕಲ್, ಇದೆ, ಅದನ್ನೇ ತಿರುಗಿಸುತ್ತೇವೆ. ಬುಟ್ಟಿ ಓಡುವಾಗ ಕೆಳಗೆ ಯಾರೂ ನಿಲ್ಲಬಾರದೆಂದು ಎರಡೂ ದಡದಲ್ಲಿ ಬೇಲಿ ಹಾಕಿದ್ದೇವೆ. ಕೊಟ್ಟಿಗೆಯ ತೊಲೆಯಲ್ಲಿ ಈಗ ತೆಂಗಿನ ನಾರಿನ ಹಗ್ಗ ತೂಗುತ್ತಿದೆ, ಹತ್ತು ಲೀಟರಿನ ಮುಚ್ಚಿದ ಕ್ಯಾನ್ ಹೊತ್ತುಕೊಂಡು. ಮೊದಲ ಭಾರಕ್ಕೆ ಅದು ಸುಲಭವಾಗಿ ಉದ್ದವಾಯಿತು, ಹುರಿಗಳು ಒಂದಕ್ಕೊಂದು ಅಪ್ಪಿಕೊಂಡ ಮೇಲೆ ಬಿರುಸಾಯಿತು. ಆದರೂ ನಿಂತಿಲ್ಲ. ಪ್ರತಿ ಭಾನುವಾರ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತೇನೆ. ಮೊದಲ ಎರಡು ಗೆರೆಗಳ ನಡುವೆ ಒಂದು ಬೆರಳು ಹಿಡಿಸುತ್ತದೆ, ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಉಗುರು.