ಕುಶನ್ನಿನಿಂದ ಆರಂಭಿಸಿ: ಅಳತೆಯ ವೀಲ್‌ಚೇರ್‌ಗೆ ಬಿಡಿಭಾಗಗಳನ್ನು ಆರಿಸುವ ಬಗೆ

ಅಳತೆ ಕೊಟ್ಟು ವೀಲ್‌ಚೇರ್ ಮಾಡಿಸಲು ಹೊರಟವರು ಮೊದಲು ಫ್ರೇಮಿನ ತೂಕ ಎಷ್ಟೆಂದು ಕೇಳುತ್ತಾರೆ, ಆಮೇಲೆ ಬಣ್ಣ ಆರಿಸುತ್ತಾರೆ. ಕುಶನ್ನಿನ ಮಾತು ಬರುವುದು ಮುಂಗಡ ಕಟ್ಟಿದ ಮೇಲೆ. ದಾವಣಗೆರೆಯ ರಸ್ತೆಗಳಲ್ಲಿ ಹದಿನಾಲ್ಕು ವರ್ಷಗಳಿಂದ ಕುರ್ಚಿ ತಳ್ಳಿಕೊಂಡು ಓಡಾಡುತ್ತಿರುವ ನನಗೆ ಈ ಕ್ರಮವೇ ತಲೆಕೆಳಗಾಗಿ ಕಾಣುತ್ತದೆ. ಕುಶನ್ ಎರಡು ಇಂಚು ದಪ್ಪವೋ ನಾಲ್ಕು ಇಂಚು ದಪ್ಪವೋ ಎಂಬುದು ಗೊತ್ತಾಗದೆ ಫುಟ್‌ರೆಸ್ಟಿನ ಎತ್ತರವನ್ನಾಗಲಿ, ಬೆನ್ನಾಸರೆಯ ಎತ್ತರವನ್ನಾಗಲಿ, ಚಕ್ರಕ್ಕೆ ಕೈ ಎಟಕುವ ಬಗೆಯನ್ನಾಗಲಿ ನಿರ್ಧರಿಸಲು ಬರುವುದಿಲ್ಲ.

ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದವರಿಗೆ ಕುಶನ್ ಸುಖದ ವಸ್ತುವಲ್ಲ, ಹುಣ್ಣಾಗದಂತೆ ಕಾಯುವ ಸಾಧನ. ಹಾಸಿಗೆ ಅಂಗಡಿಯಲ್ಲಿ ಕತ್ತರಿಸಿ ಕೊಡುವ ಸಾದಾ ಸ್ಪಂಜು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗಿ, ಕೂರುವ ಮೂಳೆಗಳು ನೇರವಾಗಿ ಸೀಟಿಗೆ ತಾಗತೊಡಗುತ್ತವೆ. ಇದನ್ನು ಪರೀಕ್ಷಿಸಲು ಕುಳಿತವರ ಕುಶನ್ನಿನ ಅಡಿಯಲ್ಲಿ ಮತ್ತೊಬ್ಬರು ಅಂಗೈ ತೂರಿಸಿ ನೋಡಬೇಕು. ಮೂಳೆ ಬೆರಳುಗಳನ್ನು ಸೀಟಿಗೆ ಒತ್ತಿ ಹಿಡಿದಂತಾದರೆ ಆ ಕುಶನ್ನಿನ ಕಾಲ ಮುಗಿಯಿತೆಂದೇ ಅರ್ಥ. ಗಾಳಿ ತುಂಬುವ ಕುಶನ್ ಒತ್ತಡವನ್ನು ಚೆನ್ನಾಗಿ ಹಂಚುತ್ತದೆ, ಆದರೆ ಗಾಳಿ ಕಡಿಮೆಯಾಗಿದೆಯೇ ಎಂದು ಆಗಾಗ ನೋಡಿಕೊಳ್ಳುತ್ತಿರಬೇಕು. ಯಾವ ಕುಶನ್ ಆದರೂ ಆಗಾಗ ಮೈ ಎತ್ತಿಯೋ ಮುಂದೆ ಬಾಗಿಯೋ ಒತ್ತಡ ಇಳಿಸುವ ಅಭ್ಯಾಸ ತಪ್ಪಬಾರದು.

ಕುಶನ್ ಗೊತ್ತಾದ ಮೇಲೆ ಅಳತೆ. ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ, ಸೊಂಟದ ಎರಡೂ ಬದಿಗೆ ಒಂದೊಂದು ದಪ್ಪ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಪುಸ್ತಕಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯಬೇಕು. ದರ್ಜಿಯವರಂತೆ ಮೈಸುತ್ತ ಟೇಪು ಸುತ್ತಿದರೆ ಪ್ರಯೋಜನವಿಲ್ಲ. ಸೀಟಿನ ಅಗಲ ಆ ಅಂತರಕ್ಕೆ ಸರಿಯಾಗಿ ಇರಲಿ, ಹೆಚ್ಚೆಂದರೆ ಬದಿಗೆ 1 ಸೆಂಟಿಮೀಟರ್ ಬಿಡಬಹುದು. ಸೀಟಿನ ಆಳ ಬೆನ್ನಿನಿಂದ ಮೊಣಕಾಲಿನ ಹಿಂಬದಿಯವರೆಗಿನ ಅಳತೆಗಿಂತ ಎರಡು ಮೂರು ಬೆರಳಿನಷ್ಟು ಕಡಿಮೆ ಇರಬೇಕು. ನನ್ನ ಮೊದಲ ಕುರ್ಚಿಯ ಸೀಟು 18 ಇಂಚು, ನನ್ನ ಸೊಂಟ 14.5 ಇಂಚು. ಎರಡೂ ಬದಿಗೆ ಟವೆಲ್ ಸುರುಳಿ ತುರುಕಿಕೊಂಡು ಎರಡು ವರ್ಷ ತಳ್ಳಿದೆ. ತೋಳನ್ನು ರೆಕ್ಕೆಯಂತೆ ಹೊರಕ್ಕೆ ಚಾಚಿ ತಳ್ಳಿದ್ದರ ಫಲವಾಗಿ ಭುಜದ ನೋವು ಇಂದಿಗೂ ಉಳಿದಿದೆ. ಮಡಚುವ ಸಾಮಾನ್ಯ ಕುರ್ಚಿಯ ಒಟ್ಟು ಅಗಲ ಸೀಟಿಗಿಂತ ಸುಮಾರು 8 ಇಂಚು ಹೆಚ್ಚಿರುವುದರಿಂದ, ಬಚ್ಚಲುಮನೆಯ ಬಾಗಿಲನ್ನೂ ಅದೇ ದಿನ ಅಳೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಹಿಂದಿನ ಚಕ್ರದ ಆಕ್ಸೆಲ್, ಅಂದರೆ ಚಕ್ರ ತಿರುಗುವ ಅಚ್ಚು, ಎಲ್ಲಿ ಕೂರಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ಫ್ರೇಮಿನಲ್ಲಿ ಎರಡು ಕಿಲೋ ಉಳಿಸುವುದಕ್ಕಿಂತ ಆಕ್ಸೆಲ್ ಎರಡು ಇಂಚು ಮುಂದೆ ಸರಿಯುವುದು ಹೆಚ್ಚು ಲಾಭದ್ದು. ಆಕ್ಸೆಲ್ ಮುಂದಕ್ಕೆ ಬಂದಷ್ಟೂ ಭಾರ ದೊಡ್ಡ ಚಕ್ರಗಳ ಮೇಲೆ ಬೀಳುತ್ತದೆ, ಮುಂದಿನ ಚಿಕ್ಕ ಗಾಲಿಗಳು ಹಗುರಾಗಿ ತಿರುಗುತ್ತವೆ, ಚರಂಡಿ ಮೇಲಿನ ಚಪ್ಪಡಿಗಳ ಸಂದಿಯಲ್ಲಿ ಮುಂಗಾಲಿ ಎತ್ತಿ ದಾಟುವುದು ಸುಲಭವಾಗುತ್ತದೆ. ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಆಕ್ಸೆಲ್ ಹಿಂದೆ ಮುಂದೆ ಸರಿಸಲು ಬರುವಂಥ ಪ್ಲೇಟ್ ಇರುವ ಫ್ರೇಮನ್ನೇ ಕೇಳಿ, ಮೊದಲ ತಿಂಗಳುಗಳಲ್ಲಿ ಹಿಂದೆ ಮಗುಚದಂತೆ ತಡೆಯುವ ಪುಟ್ಟ ಗಾಲಿಗಳನ್ನು ಹಾಕಿಸಿ, ಕೈ ಪಳಗಿದಂತೆ ಸ್ವಲ್ಪ ಸ್ವಲ್ಪವೇ ಮುಂದೆ ತರಬೇಕು. ಕೋಟೆ ಕಡೆಯ ಏರು ರಸ್ತೆಯಲ್ಲಿ ದಿನವೂ ಹತ್ತಬೇಕಾದ ಚಿತ್ರದುರ್ಗದವರು ಇದರಲ್ಲಿ ಇನ್ನಷ್ಟು ಎಚ್ಚರ ವಹಿಸಲಿ. ಕಾಲು ಕತ್ತರಿಸಿರುವವರಿಗೆ ಲೆಕ್ಕವೇ ಬೇರೆ: ಮುಂದಿನ ಭಾರ ಕಡಿಮೆಯಾಗಿರುವುದರಿಂದ ಆಕ್ಸೆಲ್ ಹಿಂದಕ್ಕೆ ಹೋಗಬೇಕು. ಎತ್ತರದ ವಿಷಯದಲ್ಲಿ, ಕೈಯಿಂದ ತಳ್ಳುವ ರಿಮ್ಮಿನ ಮೇಲ್ತುದಿಯಲ್ಲಿ ಕೈ ಇಟ್ಟಾಗ ಮೊಣಕೈ 100ರಿಂದ 120 ಡಿಗ್ರಿ ಕೋನದಲ್ಲಿ ಇರಬೇಕು.

ಚಕ್ರಗಳ ಬುಡ ಹೊರಕ್ಕೆ ವಾಲುವಂತೆ ಮಾಡುವ ಕ್ಯಾಂಬರ್ ಎರಡು ಡಿಗ್ರಿ ಇದ್ದರೆ ದಿನಬಳಕೆಗೆ ಸಾಕು. ಪ್ರತಿ ಡಿಗ್ರಿಗೆ ತಳದ ಅಗಲ ಸುಮಾರು 1 ಸೆಂಟಿಮೀಟರ್ ಹೆಚ್ಚುತ್ತದೆ, ಬಚ್ಚಲ ಬಾಗಿಲು ಮತ್ತೆ ನೆನಪಾಗುತ್ತದೆ.

ಟೈರು ಕೊಳ್ಳುವಾಗ "24 ಇಂಚು" ಎಂಬ ಮಾತನ್ನಷ್ಟೇ ನಂಬಬಾರದು. ಒಮ್ಮೆ ಸೈಕಲ್ ಅಂಗಡಿಯಿಂದ 24 ಇಂಚಿನ ಟೈರು ತಂದು, ಎರಡು ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆ ಹೆಣಗಿದ ಮೇಲೆ ಪಕ್ಕದಲ್ಲಿ ಅಚ್ಚಾಗಿದ್ದ ಸಂಖ್ಯೆಯನ್ನು ಓದಿದೆ: ಅದರ ಕೊನೆಯಲ್ಲಿ 507 ಎಂದಿತ್ತು (ಟೈರು ಕೂರುವ ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ), ನನ್ನ ಚಕ್ರದ ರಿಮ್ಮಿಗೆ ಬೇಕಾದದ್ದು 540. ಗೇರ್ ಸೈಕಲ್ಲಿನ ಟೈರು ಮೊದಲನೆಯ ಅಳತೆಯದು, ವೀಲ್‌ಚೇರಿನದು ಸಾಮಾನ್ಯವಾಗಿ ಎರಡನೆಯದು. ನಮ್ಮ ಕಡೆ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಬೇಡವೆಂದರೂ ಟೈರಿಗೆ ಸಿಗುತ್ತವೆ. ಪಂಕ್ಚರ್ ಇಲ್ಲದ ಗಟ್ಟಿ ಟೈರು ಹಾಕಿಸಬಹುದು, ಆದರೆ ಅದು ಭಾರ, ಗುಂಡಿಯ ಪೆಟ್ಟೆಲ್ಲ ಬೆನ್ನಿಗೆ ಬರುತ್ತದೆ. ಹಾಗಾಗಿ ನಾನು ಹಿಂದೆ ಗಾಳಿಯ ಟೈರನ್ನೇ ಇಟ್ಟುಕೊಂಡು, ಹಳೆಯ ಟ್ಯೂಬನ್ನು ಸೀಳಿ ಒಳಗೆ ಹಾಸಿಸಿದ್ದೇನೆ. ಬೈಕಿಗೆ ಇರುವಂಥ ವಾಲ್ವಿನ ಟ್ಯೂಬು ಆರಿಸಿದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ಹಿಡಿಸಬಹುದು. ಟೈರನ್ನು ಒತ್ತಿ ನಿಲ್ಲಿಸುವ ಬ್ರೇಕು ಗಾಳಿ ಇಳಿದಾಗ ಸಡಿಲವಾಗಿ, ಮಂಚಕ್ಕೆ ದಾಟುವ ಹೊತ್ತಿಗೆ ಕುರ್ಚಿ ಜಾರಿಬಿಡುವ ಸಂಭವವಿದೆ ಎಂಬುದೂ ನೆನಪಿರಲಿ.

ಮುಂದಿನ ಗಾಲಿ ನಾಲ್ಕು ಇಂಚಿನದಾದರೆ ಟೈಲ್ಸ್ ನೆಲದ ಮೇಲೆ ಸೊಗಸು, ರಸ್ತೆಯ ಮೇಲೆ ಪ್ರತಿ ಕಲ್ಲಿಗೂ ನಿಲ್ಲುತ್ತದೆ. ಎಂಟು ಇಂಚಿನದು ಹಳ್ಳ ದಿಣ್ಣೆ ದಾಟುತ್ತದೆ, ಆದರೆ ತಿರುಗುವಾಗ ಹಿಮ್ಮಡಿಗೆ ತಾಗುತ್ತದೆ. ಐದು ಅಥವಾ ಆರು ಇಂಚಿನ, ಅಗಲವಾದ ಗಟ್ಟಿ ಗಾಲಿ ಇಲ್ಲಿಗೆ ಹೊಂದುತ್ತದೆ. ಗಾಲಿಗೂ ಅದನ್ನು ಹಿಡಿದಿರುವ ಕವೆಗೂ (ಫೋರ್ಕಿಗೂ) ನಡುವೆ ಜಾಗ ಇಲ್ಲದಿದ್ದರೆ ಮಳೆಗಾಲದ ಎರೆಮಣ್ಣು ಮೆತ್ತಿಕೊಂಡು ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ಬೇರಿಂಗ್ 608 ಸಂಖ್ಯೆಯದಾಗಿದ್ದರೆ, ಅಂದರೆ ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರಿನದಾಗಿದ್ದರೆ, ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಗುಂಡಿ ಒತ್ತಿ ಕಳಚುವ ಆಕ್ಸೆಲ್ಲುಗಳಲ್ಲಿ 12 ಮತ್ತು 12.7 ಮಿಲಿಮೀಟರ್ ಎಂಬ ಎರಡು ಅಳತೆಗಳಿದ್ದು, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ.

ಸೀರೆ ಉಡುವವರು, ಪಂಚೆ ಉಡುವವರು ಬದಿಯ ತಡೆಹಲಗೆಯನ್ನು ಬಿಡಲೇಬಾರದು. ಸೆರಗು ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡರೆ ಬಿಡಿಸುವುದು ನಡುರಸ್ತೆಯಲ್ಲೇ. ಫುಟ್‌ರೆಸ್ಟ್ ನೆಲದಿಂದ 5 ಸೆಂಟಿಮೀಟರ್ ಆದರೂ ಮೇಲಿರಲಿ. ಮಡಚುವ ಫ್ರೇಮೋ ಮಡಚದ್ದೋ ಎಂಬ ಚರ್ಚೆ ಆಟೋದ ಪಕ್ಕದಲ್ಲಿ ಮುಗಿಯುತ್ತದೆ: ಮಡಚದ ಫ್ರೇಮಿನ ಚಕ್ರ ಕಳಚಿ ಬೆನ್ನಾಸರೆ ಮುಂದಕ್ಕೆ ಬಗ್ಗಿಸಿದರೆ ಅದೂ ಸೀಟಿನಲ್ಲಿ ಕೂರುತ್ತದೆ.

ಅಳತೆಯನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಎದುರಿನಲ್ಲೇ ಬರೆಸಬೇಕು. ದಾವಣಗೆರೆಯಲ್ಲಿ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಕುರ್ಚಿ ಕೈಗೆ ಬಂದ ದಿನ ಸಮತಟ್ಟಾದ ನೆಲದ ಮೇಲೆ ಕುಶನ್ ಸಮೇತ ಕುಳಿತು, ಮುಂದಿನ ಎರಡೂ ಗಾಲಿಗಳ ಅಡಿಗೆ ಒಂದೊಂದು ಕಾಗದ ತೂರಿಸಲು ಹೇಳಿ. ಯಾವುದಾದರೂ ಒಂದರ ಕೆಳಗೆ ಕಾಗದ ಸಲೀಸಾಗಿ ಹಾದುಹೋದರೆ ಫ್ರೇಮು ಸೊಟ್ಟಗಿದೆ ಅಥವಾ ಫೋರ್ಕು ಸರಿಯಾಗಿ ಕೂತಿಲ್ಲ. ಬಾಕಿ ಹಣ ಕೊಡುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.